ಎರಡರ ಘಾತ ಸೊನ್ನೆ ಒಂದು ಹೇಗಾಯಿತು?

ಪ್ರಶ್ನೆ: ನಾವು ಜಮಖಂಡಿ ಕಡೆಯವರು, ಕಬ್ಬಿನ ಹೊಲ ಇದೆ. ಮಗ ಎಂಟನೇ ತರಗತಿ, ಕನ್ನಡ ಮಾಧ್ಯಮ. ಘಾತಾಂಕದ ಪಾಠ ಮುಗಿದಿದೆ. ಸೂತ್ರಗಳನ್ನೆಲ್ಲ ಗಡಗಡ ಹೇಳುತ್ತಾನೆ, ಲೆಕ್ಕ ಕೊಟ್ಟರೆ ತಪ್ಪುತ್ತಾನೆ. ಮೊನ್ನೆಯ ಕಿರುಪರೀಕ್ಷೆಯಲ್ಲಿ 2³ × 2⁴ = 4⁷ ಅಂತ, 2⁻³ = −8 ಅಂತ, 7⁰ = 0 ಅಂತ, (2 + 3)² = 4 + 9 ಅಂತ ಬರೆದು ಬಂದಿದ್ದಾನೆ. ನಾನು ಪಿಯುಸಿ ಓದಿದವಳು, ಆದರೆ ಕಲಾ ವಿಭಾಗ. "ಸೊನ್ನೆ ಸಲ ಗುಣಿಸಿದರ ಒಂದು ಹ್ಯಾಂಗ ಬರ್ತದ ಅವ್ವಾ?" ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅವನಿಗೆ ಹೇಗೆ ತಿಳಿಸಿ ಹೇಳಲಿ? ಇದಕ್ಕೊಂದು ಟ್ಯೂಷನ್ ಹಾಕಬೇಕೇ?

ಉತ್ತರ: ಟ್ಯೂಷನ್ ಮಾತು ಕಡೆಗಿರಲಿ. ಮೊದಲು ಆ ನಾಲ್ಕು ತಪ್ಪುಗಳನ್ನು ನೋಡೋಣ. ನೋಡಲು ನಾಲ್ಕು, ಬೇರು ಒಂದೇ. ಅಂಕಿಯ ತಲೆಯ ಮೇಲೆ ಕೂತ ಆ ಸಣ್ಣ ಅಂಕಿ ಏನು ಹೇಳುತ್ತಿದೆ ಅನ್ನುವುದು ಅವನಿಗೆ ಇನ್ನೂ ಕಣ್ಣಿಗೆ ಕಟ್ಟಿಲ್ಲ. ಹಾಗಿರುವಾಗ ಸೂತ್ರವನ್ನು ಇನ್ನೂ ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಅಷ್ಟೇ.

ನೀವು ಕಲಾ ವಿಭಾಗದವರು ಅಂದಿರಿ, ಒಳ್ಳೆಯದೇ ಆಯಿತು. ಛಂದಸ್ಸು ಓದಿರುತ್ತೀರಿ. ಯಮಾತಾರಾಜಭಾನಸಲಗಂ ನೆನಪಿದೆ ಅಲ್ವಾ? ಅಕ್ಷರಗಣಗಳು ಎಂಟು. ಏಳಲ್ಲ, ಒಂಬತ್ತಲ್ಲ, ಎಂಟೇ ಯಾಕೆ? ಒಂದು ಗಣದಲ್ಲಿ ಮೂರು ಅಕ್ಷರ. ಪ್ರತಿಯೊಂದೂ ಲಘು ಆಗಬಹುದು, ಇಲ್ಲವೇ ಗುರು ಆಗಬಹುದು. ಮೊದಲ ಜಾಗಕ್ಕೆ ಎರಡು ದಾರಿ. ಅವೆರಡರಲ್ಲಿ ಯಾವುದನ್ನು ಹಿಡಿದರೂ ಎರಡನೇ ಜಾಗಕ್ಕೆ ಮತ್ತೆ ಎರಡು ದಾರಿ, ಅಲ್ಲಿಗೆ ನಾಲ್ಕಾಯಿತು. ಮೂರನೇ ಜಾಗಕ್ಕೆ ಇನ್ನೆರಡು, ಎಂಟಾಯಿತು. 2 × 2 × 2. ಇದನ್ನೇ ಚಿಕ್ಕದಾಗಿ 2³ ಅಂತ ಬರೆಯುತ್ತೇವೆ. ಕೆಳಗಿನ 2 ಆಧಾರ ಸಂಖ್ಯೆ, ಮೇಲಿನ 3 ಘಾತಾಂಕ. "ಎರಡರ ಘಾತ ಮೂರು" ಅಂತ ಓದಬೇಕು.

ಇಲ್ಲಿ 3 ಯಾವುದಕ್ಕೂ ಗುಣಿಸುವ ಅಂಕಿ ಅಲ್ಲ. ಅದು ಎಣಿಕೆ. ಗುಣಾಕಾರದ ಸಾಲಿನಲ್ಲಿ ಎಷ್ಟು 2 ನಿಂತಿವೆ ಅಂತ ಎಣಿಸಿ ಹೇಳುತ್ತದೆ. ಮಗ 2³ ನೋಡಿದ ಕೂಡಲೇ ಮನಸ್ಸಿನಲ್ಲಿ 6 ಅಂತ ಬಂದರೆ ಅವನು ಎಣಿಕೆಯನ್ನು ಗುಣಕ ಅಂದುಕೊಂಡಿದ್ದಾನೆ. ಒಂದು ವಾರ ಸೂತ್ರದ ಪಟ್ಟಿ ಮುಚ್ಚಿಡಿ. ಘಾತಾಂಕ ಕಂಡಲ್ಲೆಲ್ಲ ಬಿಡಿಸಿ ಬರೆಯಲಿ. 5⁴ ಕಂಡರೆ 5 × 5 × 5 × 5. ಪುಟ ಜಾಸ್ತಿ ಹಾಳಾಗುತ್ತದೆ, ಆಗಲಿ.

ಈಗ ಗುಣಾಕಾರದ ನಿಯಮ. ಇದನ್ನು ಕೃಷ್ಣೆಯ ದಂಡೆಯ ಜನರಿಗೆ ಹೊಸದಾಗಿ ಕಲಿಸಬೇಕಿಲ್ಲ. ಮಳೆಗಾಲ ಬಂದರೆ ಸಾಕು, ನಮ್ಮ ಭಾಗದ ಪತ್ರಿಕೆಗಳಲ್ಲಿ ದಿನಾ ಟಿಎಂಸಿ, ಕ್ಯೂಸೆಕ್. ಆಲಮಟ್ಟಿಗೆ ಒಳಹರಿವು ಇಷ್ಟು, ಹೊರಹರಿವು ಇಷ್ಟು. ಚಹಾದಂಗಡಿಯಲ್ಲಿ ಕೂತವರು ಸಹ ಲೆಕ್ಕ ಹೇಳುತ್ತಾರೆ. ಆದರೆ ಟಿಎಂಸಿ ಅಂದರೆ ಎಷ್ಟು ಅಂತ ಕೇಳಿ ನೋಡಿ, "ಬಾಳ ನೀರು" ಅನ್ನುತ್ತಾರೆ.

ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ. ಸಾವಿರ ಅಂದರೆ 10³. ಮಿಲಿಯನ್ ಅಂದರೆ ಹತ್ತು ಲಕ್ಷ, ಅಂದರೆ 10⁶. ಎರಡನ್ನೂ ಗುಣಿಸಬೇಕು. ಬಿಡಿಸಿ ಬರೆದರೆ ಮೊದಲು ಮೂರು ಹತ್ತು, ಆಮೇಲೆ ಆರು ಹತ್ತು, ಒಂದೇ ಸಾಲಿನಲ್ಲಿ ಒಟ್ಟು ಒಂಬತ್ತು ಹತ್ತು. ಹಾಗಾಗಿ 10³ × 10⁶ = 10⁹. ಆಧಾರ ಸಂಖ್ಯೆ ಒಂದೇ ಇದ್ದರೆ ಗುಣಿಸುವಾಗ ಘಾತಾಂಕಗಳನ್ನು ಕೂಡಿಸಬೇಕು ಅನ್ನುವ ಸೂತ್ರ ಇಷ್ಟೇ. ಎರಡು ಸಾಲುಗಳನ್ನು ಜೋಡಿಸಿ ಎಣಿಸಿದೆವು. ಎಣಿಕೆಗಳನ್ನು ಕೂಡಿಸದೆ ಮತ್ತೇನು ಮಾಡಲಿಕ್ಕೆ ಬರುತ್ತದೆ?

ಬಜೆಟ್ ಸುದ್ದಿಯಲ್ಲಿ ಬರುವ "ಲಕ್ಷ ಕೋಟಿ"ಯೂ ಇದೇ ಜಾತಿ. ಲಕ್ಷ 10⁵, ಕೋಟಿ 10⁷, ಲಕ್ಷ ಕೋಟಿ 10¹².

ನಿಮ್ಮ ಮಗನ 2³ × 2⁴ ಈಗ ನೋಡಿ. ಮೂರು ಎರಡು, ಅದರ ಪಕ್ಕ ನಾಲ್ಕು ಎರಡು. ಒಟ್ಟು ಏಳು ಎರಡು. ಉತ್ತರ 2⁷, ಅಂದರೆ 128. ಅವನು ಎಣಿಕೆಯನ್ನು ಸರಿಯಾಗಿಯೇ ಕೂಡಿಸಿ 7 ಮಾಡಿದ್ದಾನೆ. ಆಮೇಲೆ ಕೆಳಗಿನ ಎರಡು 2ಗಳನ್ನೂ ಗುಣಿಸಿ 4 ಮಾಡಿಬಿಟ್ಟಿದ್ದಾನೆ. ಆ ಸಾಲಿನಲ್ಲಿ ಒಂದಾದರೂ 4 ಕಾಣುತ್ತಿದೆಯೇ ಅಂತ ಕೇಳಿ. ಇಲ್ಲ. 4⁷ ಅಂದರೆ 16,384. ಎಂಟನ್ನು ಹದಿನಾರರಿಂದ ಗುಣಿಸಿದರೆ ಹದಿನಾರು ಸಾವಿರ ಬರುತ್ತದೆಯೇ? ಹೀಗೆ ಒಂದು ಸಲ ತಾಳೆ ನೋಡುವ ಚಾಳಿ ಬಿದ್ದರೆ ಅರ್ಧ ತಪ್ಪುಗಳು ತಾವೇ ಸಿಕ್ಕಿಬೀಳುತ್ತವೆ.

ಆಧಾರ ಸಂಖ್ಯೆ ಬೇರೆ ಬೇರೆ ಇದ್ದರೆ ಈ ನಿಯಮ ನಡೆಯುವುದಿಲ್ಲ. 2³ × 5⁴ ಅಂದರೆ ಮೂರು ಎರಡು, ನಾಲ್ಕು ಐದು. ಏಳು ಯಾವುದು? ಏನೂ ಇಲ್ಲ. ಕೂಡಿಸುವ ಲೆಕ್ಕಕ್ಕೂ ಇದು ನಡೆಯುವುದಿಲ್ಲ. 2³ + 2⁴ ಅಂದರೆ ಸುಮ್ನೆ 8 + 16, ಉತ್ತರ 24. ಇದಕ್ಕೆ ಸೂತ್ರ ಹುಡುಕುವ ಮಕ್ಕಳು ಬಹಳ. ಇಲ್ಲದ್ದನ್ನು ಹುಡುಕಿ ಕಡೆಗೆ 2⁷ ಅಂತ ಬರೆದು ಬರುತ್ತಾರೆ.

ಭಾಗಾಕಾರಕ್ಕೂ ಅದೇ ನೀರಿನ ಲೆಕ್ಕ ಸಾಕು. ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ದಿನಕ್ಕೆ 60 × 60 × 24, ಅಂದರೆ 86,400 ಸೆಕೆಂಡು. ಇದನ್ನು 8.64 × 10⁴ ಅಂತ ಬರೆಯಬಹುದು. ಮುಂದಿರುವ ಸಂಖ್ಯೆ 1ಕ್ಕಿಂತ ಕಡಿಮೆ ಇರಬಾರದು, 10 ಮುಟ್ಟಬಾರದು, ಉಳಿದ ಗಾತ್ರವನ್ನೆಲ್ಲ ಹತ್ತರ ಘಾತ ಹೊರಬೇಕು. ಪುಸ್ತಕದಲ್ಲಿ ಇದನ್ನೇ ಆದರ್ಶ ರೂಪ ಅನ್ನುತ್ತಾರೆ.

ಈಗ ಆಲಮಟ್ಟಿಗೆ ಒಂದು ಲಕ್ಷ ಕ್ಯೂಸೆಕ್ ಒಳಹರಿವು ಅಂತ ಪತ್ರಿಕೆಯಲ್ಲಿ ಬಂತು ಅನ್ನಿ. ಇಡೀ ದಿನ ಹಾಗೇ ಹರಿದರೆ ಎಷ್ಟು ನೀರು ಬಂತು? 10⁵ × 8.64 × 10⁴. ಘಾತಾಂಕ ಕೂಡಿಸಿದರೆ 8.64 × 10⁹ ಘನ ಅಡಿ. 10⁹ ಅಂದರೆ ಒಂದು ಟಿಎಂಸಿ ಅಂತ ಆಗಲೇ ನೋಡಿದೆವು. ಹಾಗಾದರೆ 8.64 ಟಿಎಂಸಿ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಆಗ ಅದರಲ್ಲಿ ಹಿಡಿಯುವ ನೀರು ಸುಮಾರು 123 ಟಿಎಂಸಿ. ಒಂದು ಹನಿಯೂ ಹೊರಗೆ ಬಿಡದಿದ್ದರೆ, ಖಾಲಿಯಿಂದ ತುಂಬಲು ಹದಿನಾಲ್ಕು ದಿನಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಈ ಒಂದು ಸಂಖ್ಯೆ, 8.64, ಮಗನ ತಲೆಯಲ್ಲಿ ಇರಲಿ. ಜುಲೈ, ಆಗಸ್ಟಿನಲ್ಲಿ ಊರಿನ ಹಿರಿಯರಿಗೇ ಅವನು ಲೆಕ್ಕ ಹೇಳಬಹುದು.

ತಿರುಗಿಸಿ ಕೇಳೋಣ. ಒಂದು ದಿನದಲ್ಲಿ ಒಂದು ಟಿಎಂಸಿ ಬರಬೇಕಾದರೆ ಎಷ್ಟು ಕ್ಯೂಸೆಕ್ ಹರಿಯಬೇಕು? 10⁹ ಅನ್ನು 8.64 × 10⁴ರಿಂದ ಭಾಗಿಸಬೇಕು. ಮೇಲೆ ಒಂಬತ್ತು ಹತ್ತು, ಕೆಳಗೆ ನಾಲ್ಕು ಹತ್ತು. ಮೇಲಿನದೊಂದು ಕೆಳಗಿನದೊಂದು ಅಂತ ಹೊಡೆದುಹಾಕುತ್ತಾ ಬಂದರೆ ಮೇಲೆ ಐದು ಉಳಿಯುತ್ತವೆ. 9 − 4 = 5. ಭಾಗಿಸುವಾಗ ಘಾತಾಂಕ ಕಳೆಯಬೇಕು ಅನ್ನುವುದು ಇದಕ್ಕೇ. ಉಳಿದದ್ದು 10⁵ ÷ 8.64, ಸುಮಾರು 11,574 ಕ್ಯೂಸೆಕ್.

ಲೀಟರಿನಲ್ಲಿ ನೋಡಬೇಕೇ? ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಅಂದರೆ ಒಂದು ಟಿಎಂಸಿಗೆ 2.83 × 10¹⁰ ಲೀಟರ್. ಒಬ್ಬರಿಗೆ ದಿನಕ್ಕೆ ನೂರು ಲೀಟರ್ ಅಂತ ಹಿಡಿದರೆ, ಮೂರು ಲಕ್ಷ ಜನರ ಊರಿಗೆ ದಿನಕ್ಕೆ 3 × 10⁵ × 10² = 3 × 10⁷ ಲೀಟರ್. ಭಾಗಿಸಿ: 0.943 × 10³, ಅಂದರೆ 943 ದಿನ. ಒಂದೇ ಒಂದು ಟಿಎಂಸಿ ಅಷ್ಟು ದೊಡ್ಡ ಊರಿಗೆ ಎರಡೂವರೆ ವರ್ಷ ಮೀರಿ ಬರುತ್ತದೆ. ಆವಿಯಾಗುವುದು, ಸೋರುವುದು ಇದರಲ್ಲಿ ಸೇರಿಲ್ಲ ಅನ್ನಿ. ತುಂಬಿದ ಆಲಮಟ್ಟಿಯಲ್ಲಿ 3.48 × 10¹² ಲೀಟರ್, ಅಂದರೆ ಸುಮಾರು ಮೂರೂವರೆ ಲಕ್ಷ ಕೋಟಿ ಲೀಟರ್. ಇಷ್ಟನ್ನು ಸೊನ್ನೆ ಹಾಕುತ್ತಾ ಬರೆದು ಭಾಗಿಸಲು ಹೋದರೆ ಯಾವುದೋ ಒಂದು ಸೊನ್ನೆ ತಪ್ಪುವುದು ಖಂಡಿತ. ಘಾತಾಂಕ ಇರುವುದೇ ಈ ಕೆಲಸಕ್ಕೆ.

ಇನ್ನು ಸೊನ್ನೆ ಘಾತ. ಮಗನ ಪ್ರಶ್ನೆ ಸಣ್ಣದಲ್ಲ. "ಸೊನ್ನೆ ಸಲ ಗುಣಿಸಿದರೆ ಸೊನ್ನೆ ಬರಬೇಕಲ್ಲ" ಅಂತ ಅವನಿಗೆ ಅನಿಸುವುದು ಸಹಜ. ಕೂಡಿಸುವ ಲೆಕ್ಕದ ಅಭ್ಯಾಸ ಅದು. ಕೂಡಿಸುವಾಗ ನಾವು ಸೊನ್ನೆಯಿಂದ ಶುರು ಮಾಡುತ್ತೇವೆ. ಏನೂ ಕೂಡಿಸದಿದ್ದರೆ ಸೊನ್ನೆಯೇ ಉಳಿಯುತ್ತದೆ. ಗುಣಾಕಾರವನ್ನು ಸೊನ್ನೆಯಿಂದ ಶುರು ಮಾಡಲಿಕ್ಕೆ ಬರುವುದಿಲ್ಲ, ಯಾವುದರಿಂದ ಗುಣಿಸಿದರೂ ಸೊನ್ನೆಯೇ ಆಗುತ್ತದೆ. ಗುಣಾಕಾರ ಶುರುವಾಗುವುದು 1ರಿಂದ. 2³ ಅಂದರೆ 1 × 2 × 2 × 2. 2² ಅಂದರೆ 1 × 2 × 2. 2¹ ಅಂದರೆ 1 × 2. 2⁰ ಅಂದರೆ? ಒಂದೂ 2 ಇಲ್ಲ. ಶುರುವಿನ 1 ಇದ್ದಲ್ಲೇ ಇದೆ.

ಇದು ಒಂದು ದಾರಿ. ಅವನು ಒಪ್ಪದಿದ್ದರೆ ಇನ್ನೊಂದು ಹೇಳಿ. ಹಾಳೆಯ ಮೇಲೆ ಒಂದರ ಕೆಳಗೆ ಒಂದು ಬರೆಸಿ: 2⁴ = 16, 2³ = 8, 2² = 4, 2¹ = 2. ಒಂದೊಂದು ಸಾಲು ಇಳಿದ ಹಾಗೆ ಏನಾಗುತ್ತಿದೆ? ಅರ್ಧವಾಗುತ್ತಿದೆ. ಮುಂದಿನ ಸಾಲು 2⁰. ಎರಡರ ಅರ್ಧ ಎಷ್ಟು? ಅವನೇ ಹೇಳಲಿ. 7ರಲ್ಲೂ ಮಾಡಿಸಿ: 343, 49, 7. ಪ್ರತಿ ಸಲ ಏಳರಿಂದ ಭಾಗ. ಏಳನ್ನು ಏಳರಿಂದ ಭಾಗಿಸಿದರೆ 1.

ಇಷ್ಟಕ್ಕೂ "ನಾನು ಸೊನ್ನೆ ಅಂತಲೇ ಇಟ್ಟುಕೊಳ್ಳುತ್ತೇನೆ, ಏನಾಗುತ್ತದೆ?" ಅಂತ ಹಟ ಮಾಡಿದರೆ ಇಟ್ಟುಕೊಳ್ಳಲಿ, ಬಿಡಿ. ಆಮೇಲೆ 2³ × 2⁰ ಮಾಡಿಸಿ. ಘಾತಾಂಕ ಕೂಡಿಸಿದರೆ 2³, ಅಂದರೆ 8 ಬರಬೇಕು. ಅವನ ಲೆಕ್ಕದಲ್ಲಿ 8 × 0 = 0 ಬರುತ್ತದೆ. ಒಂದೇ ಲೆಕ್ಕಕ್ಕೆ ಎರಡು ಉತ್ತರ. ಕೂಡಿಸುವ ನಿಯಮ ಮುರಿಯದೆ ಉಳಿಯಬೇಕಾದರೆ 2⁰ಕ್ಕೆ 1 ಬಿಟ್ಟು ಬೇರೆ ಬೆಲೆ ಕೊಡುವ ಹಾಗೇ ಇಲ್ಲ. ನನ್ನ ಪ್ರಕಾರ ಈ ಪಾಠದ ತಿರುಳು ಇದೇ. ಸೊನ್ನೆ ಘಾತ, ಋಣ ಘಾತ, ಭಿನ್ನರಾಶಿ ಘಾತ ಇವು ಬೇರೆ ಬೇರೆ ಸೂತ್ರಗಳಲ್ಲ. "ಗುಣಿಸುವಾಗ ಘಾತಾಂಕ ಕೂಡಿಸು" ಅನ್ನುವ ಒಂದು ನಿಯಮವನ್ನು ಎಲ್ಲಿಯೂ ಮುರಿಯಬಾರದು ಅಂತ ಹಟ ಹಿಡಿದರೆ ಅವೆಲ್ಲ ತಾವಾಗಿ ಬಂದು ನಿಲ್ಲುತ್ತವೆ.

ಒಂದು ಎಚ್ಚರ: ಆಧಾರ ಸಂಖ್ಯೆಯೇ ಸೊನ್ನೆ ಆದರೆ ಈ ಮಾತು ನಡೆಯುವುದಿಲ್ಲ. ಇಳಿಯುವಾಗ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಅದು ಆಗದ ಕೆಲಸ. ಶಾಲೆಯ ಲೆಕ್ಕದಲ್ಲಿ ಆಧಾರ ಸೊನ್ನೆ ಅಲ್ಲ ಅಂತ ಮೊದಲೇ ಹೇಳಿಬಿಡುತ್ತಾರೆ.

ಅದೇ ಹಾಳೆಯಲ್ಲಿ ಇನ್ನೂ ಕೆಳಗೆ ಇಳಿಯಲಿ. 2⁰ = 1. ಅದರ ಕೆಳಗೆ 2⁻¹, ಅಂದರೆ ಅರ್ಧ. 2⁻² ಕಾಲು. 2⁻³ ಎಂಟನೇ ಒಂದು, 1/8. ಎಲ್ಲಿಯಾದರೂ ಉತ್ತರ ಸೊನ್ನೆಗಿಂತ ಕೆಳಗೆ ಹೋಯಿತೇ? ಇಲ್ಲ. ಅರ್ಧ ಮಾಡುತ್ತಾ ಹೋದರೆ ಸಣ್ಣದಾಗುತ್ತದೆ, ಋಣ ಆಗುವುದಿಲ್ಲ. ಘಾತಾಂಕದ ಮೇಲಿನ ಕಳೆಯುವ ಗುರುತು "ಗುಣಿಸಬೇಡ, ಭಾಗಿಸು" ಅನ್ನುತ್ತದೆ. ಉತ್ತರಕ್ಕೆ ಆ ಗುರುತು ಹಚ್ಚು ಅಂತ ಅದು ಹೇಳುತ್ತಿಲ್ಲ. −8 ಬರೆದದ್ದು ಇದೇ ಗೊಂದಲದಿಂದ. ಭಿನ್ನರಾಶಿಗೂ ಹೀಗೇ: 2/3ರ ಘಾತ −2 ಅಂದರೆ ತಲೆಕೆಳಗು ಮಾಡಿ 3/2ರ ವರ್ಗ, 9/4.

ಋಣ ಘಾತಾಂಕ ನಿಮ್ಮ ಮನೆಯಲ್ಲೇ ಇರಬಹುದು. ಹೊಲದ ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ಕಾರ್ಡ್ ತೆಗೆಯಿರಿ. ಅದರಲ್ಲಿ ರಸಸಾರ ಅಂತ, ಅಂದರೆ ಪಿಎಚ್ ಅಂತ ಒಂದು ಸಂಖ್ಯೆ ಇರುತ್ತದೆ. ನಮ್ಮ ಕಪ್ಪು ಮಣ್ಣಿನ ಹೊಲಗಳಲ್ಲಿ 8ರ ಮೇಲೆ ಬರುವುದು ಸಾಮಾನ್ಯ. ನೀರು ಜಾಸ್ತಿ ಬಿಟ್ಟು ಸವಳು ಹಿಡಿದ ಹೊಲಗಳಲ್ಲಿ ಇನ್ನೂ ಮೇಲೆ ಹೋಗಬಹುದು. ಆ ಸಂಖ್ಯೆ ನಿಜವಾಗಿ ಒಂದು ಘಾತಾಂಕ, ಋಣ ಗುರುತು ತೆಗೆದು ಬರೆದಿರುತ್ತಾರೆ. ಪಿಎಚ್ 7 ಅಂದರೆ ಒಂದು ಲೀಟರಿನಲ್ಲಿ 10⁻⁷ ಮೋಲ್ ಹೈಡ್ರೋಜನ್ ಅಯಾನು. ಮೋಲ್ ಅನ್ನುವುದು ಕಣಗಳನ್ನು ಎಣಿಸುವ ಅಳತೆ, ಹುಳಿ ಕೊಡುವುದು ಈ ಅಯಾನು. ಪಿಎಚ್ 8 ಅಂದರೆ 10⁻⁸. 7ರಿಂದ 8ಕ್ಕೆ ಒಂದೇ ಒಂದು ಹೆಚ್ಚಾಯಿತು ಅನಿಸುತ್ತದೆ, ಆದರೆ ಹುಳಿ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಿತು. ಪಕ್ಕದ ಹೊಲದ್ದು 6.5, ನಿಮ್ಮದು 8.5 ಇದ್ದರೆ ವ್ಯತ್ಯಾಸ 10², ನೂರು ಪಟ್ಟು. "ಎರಡು ಪಾಯಿಂಟ್ ಅಷ್ಟೇ ಅಲ್ವಾ" ಅಂತ ಕಾರ್ಡ್ ಮಡಚಿ ಇಡುವವರಿಗೆ ಇದನ್ನು ಹೇಳಬೇಕು.

ಘಾತದ ಘಾತಕ್ಕೆ ಬರೋಣ. ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲಿ. 10² × 10³ ಒಂದು ಲೆಕ್ಕ, (10²)³ ಇನ್ನೊಂದು. ಮೊದಲನೆಯದರಲ್ಲಿ ಎರಡು ಹತ್ತು, ಪಕ್ಕದಲ್ಲಿ ಮೂರು ಹತ್ತು. ಕೂಡಿಸಿ 10⁵. ಎರಡನೆಯದರಲ್ಲಿ 10² ಅನ್ನುವ ಗಂಟು ಮೂರು ಸಲ ಬಂದಿದೆ. ಪ್ರತಿ ಗಂಟಿನಲ್ಲಿ ಎರಡು ಹತ್ತು, ಮೂರು ಗಂಟಿಗೆ ಆರು ಹತ್ತು. ಗುಣಿಸಿ 10⁶.

ಈ ವ್ಯತ್ಯಾಸ ಹಳಬರಿಗೂ ಚೆನ್ನಾಗಿ ಗೊತ್ತಿತ್ತು. 1114ರಲ್ಲಿ ಹುಟ್ಟಿದ, 'ಲೀಲಾವತಿ' ಬರೆದ ಭಾಸ್ಕರಾಚಾರ್ಯರು ತಮ್ಮ ಊರು ವಿಜ್ಜಡವಿಡ ಅಂದಿದ್ದಾರೆ. ಅದು ನಮ್ಮ ವಿಜಯಪುರವೇ ಅನ್ನುವ ಮಾತು ಇಲ್ಲಿ ಗಟ್ಟಿಯಾಗಿದೆ, ಒಪ್ಪದ ವಿದ್ವಾಂಸರೂ ಇದ್ದಾರೆ, ಅದು ಬೇರೆ ಜಗಳ. ಆಗ ತಲೆಯ ಮೇಲೆ ಸಣ್ಣ ಅಂಕಿ ಬರೆಯುವ ಪದ್ಧತಿ ಇರಲಿಲ್ಲ, ಹೆಸರಿನಲ್ಲೇ ಹೇಳಬೇಕಿತ್ತು. ಐದನೇ ಘಾತಕ್ಕೆ ವರ್ಗಘನಘಾತ ಅಂದರು: ವರ್ಗ ಮತ್ತು ಘನಗಳ ಗುಣಲಬ್ಧ, 2 + 3. ಆರನೇ ಘಾತಕ್ಕೆ ವರ್ಗಘನ: ವರ್ಗದ ಘನ, 2 × 3. ನಿಮ್ಮ ಮಗ ಕಲಿಯುತ್ತಿರುವ ಎರಡು ನಿಯಮಗಳೂ ಆ ಎರಡು ಹೆಸರುಗಳಲ್ಲಿ ಕೂತಿವೆ.

ಘಾತದ ಘಾತ ಜೇಬಿಗೆ ಮುಟ್ಟುವುದು ಸಾಲದಲ್ಲಿ. ನಮ್ಮಲ್ಲಿ ಕೈಸಾಲ ನೂರಕ್ಕೆ ಎರಡು ರೂಪಾಯಿಯಂತೆ ಸಿಗುತ್ತದೆ, ತಿಂಗಳಿಗೆ. ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ ಪ್ರತಿ ತಿಂಗಳು ಸಾಲ 1.02 ಪಟ್ಟು ಆಗುತ್ತದೆ. ಒಂದು ವರ್ಷಕ್ಕೆ 1.02¹². ಇದನ್ನು ಹನ್ನೆರಡು ಸಲ ಗುಣಿಸಿ ಸುಸ್ತಾಗಬೇಕಿಲ್ಲ. 1.02ರ ವರ್ಗ 1.0404. ಅದರ ವರ್ಗ 1.0824, ಇದು ನಾಲ್ಕನೇ ಘಾತ. ಅದರ ವರ್ಗ 1.1717, ಇದು ಎಂಟನೇ ಘಾತ. ಎಂಟು ಮತ್ತು ನಾಲ್ಕು ಸೇರಿದರೆ ಹನ್ನೆರಡು, ಹಾಗಾಗಿ ಕೊನೆಯ ಎರಡನ್ನೂ ಗುಣಿಸಿ: 1.268. ನಾಲ್ಕೇ ಗುಣಾಕಾರ. ಮೂರು ವರ್ಷಕ್ಕೆ? (1.02¹²)³ = 1.02³⁶. 1.268 ಅನ್ನು ಘನ ಮಾಡಿದರೆ 2.04. ಒಂದು ಲಕ್ಷದ ಸಾಲ ಮೂರು ವರ್ಷಕ್ಕೆ ಎರಡು ಲಕ್ಷ ದಾಟಿತು. ಸರಳ ಬಡ್ಡಿಯಾಗಿದ್ದರೆ 1,72,000 ಆಗುತ್ತಿತ್ತು. "ಎರಡೇ ರೂಪಾಯಿ" ಅನ್ನುವ ಮಾತಿನ ಹಿಂದೆ 36 ಅನ್ನುವ ಘಾತಾಂಕ ಅಡಗಿ ಕೂತಿರುತ್ತದೆ.

ವರ್ಗ ಮಾಡುತ್ತಾ ಮೇಲೇರುವ ಈ ಉಪಾಯ ಭಾಸ್ಕರರಿಗಿಂತ ಬಹಳ ಹಳೆಯದು. ಛಂದಸ್ಸಿನ ಪಿಂಗಳನದು. ಇಷ್ಟು ಅಕ್ಷರದ ಸಾಲಿಗೆ ಲಘು ಗುರುಗಳ ಎಷ್ಟು ವಿನ್ಯಾಸ ಸಾಧ್ಯ ಅನ್ನುವುದು ಅವನ ಪ್ರಶ್ನೆ. ಸಮಸಂಖ್ಯೆ ಬಂದರೆ ಅರ್ಧ ಮಾಡಿ ವರ್ಗಕ್ಕೆ ಗುರುತು ಹಾಕು, ಬೆಸ ಬಂದರೆ ಒಂದು ಕಳೆದು ಎರಡರಿಂದ ಗುಣಿಸಲು ಗುರುತು ಹಾಕು ಅನ್ನುತ್ತಾನೆ. ಉತ್ಪಲಮಾಲೆಯ ಸಾಲಿಗೆ 20 ಅಕ್ಷರ. 20ರ ಅರ್ಧ 10, ಅದರ ಅರ್ಧ 5. ಹಾಗಾಗಿ 2⁵ = 32 ಸಿಕ್ಕರೆ ಸಾಕು. ಅದರ ವರ್ಗ 1024. ಅದರ ವರ್ಗ 10,48,576. ಇಪ್ಪತ್ತು ಅಕ್ಷರಕ್ಕೆ ಹತ್ತು ಲಕ್ಷದ ಮೇಲೆ ವಿನ್ಯಾಸ. ಅದರಲ್ಲಿ ಒಂದನ್ನು ಹಿಡಿದು ಉತ್ಪಲಮಾಲೆ ಅಂದರು.

ಗುಣಲಬ್ಧದ ಘಾತ ಸುಲಭ. (2 × 5)³ ಅಂದರೆ 2 × 5 ಮೂರು ಸಲ, ಅಂದರೆ ಮೂರು ಎರಡು, ಮೂರು ಐದು, 2³ × 5³. ಇದನ್ನು ಹಿಂದುಮುಂದಾಗಿ ಬಳಸುವುದೇ ಹೆಚ್ಚು ಲಾಭ. 2⁷ × 5⁶ ಕೇಳಿದರೆ ಆರು ಜೋಡಿ ಕಟ್ಟಿ, 10⁶, ಒಂದು 2 ಉಳಿಯಿತು, ಇಪ್ಪತ್ತು ಲಕ್ಷ. ಸ್ಪರ್ಧಾತ್ಮಕ ಪರೀಕ್ಷೆಯವರು ಇದನ್ನು ಬಿಟ್ಟೂಬಿಡದೆ ಕೇಳುತ್ತಾರೆ.

ಗೋಳಗುಮ್ಮಟದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಗುಮ್ಮಟದ ಕೆಳಗಿನ ಕಟ್ಟಡ ಹೆಚ್ಚುಕಡಿಮೆ ಒಂದು ಘನ, ಒಂದೊಂದು ಬದಿ ಸುಮಾರು 47.5 ಮೀಟರ್. ಮಗ ಶಾಲೆಯ ವಸ್ತುಪ್ರದರ್ಶನಕ್ಕೆ ಅದರ ಮಾದರಿ ಮಾಡುತ್ತಾನೆ ಅನ್ನಿ, ನೂರರಲ್ಲಿ ಒಂದು ಅಳತೆಗೆ. ಬದಿ 47.5 ಸೆಂಟಿಮೀಟರ್ ಆಯಿತು. ಗೋಡೆಗೆ ಬಳಿಯುವ ಬಣ್ಣ ನೂರರಲ್ಲಿ ಒಂದು ಸಾಕೇ? ಸಾಲುವುದು ಮಾತ್ರವಲ್ಲ, ಬಹಳ ಮಿಕ್ಕುತ್ತದೆ. ವಿಸ್ತೀರ್ಣ ಬದಿಯ ವರ್ಗ. ನೂರರಲ್ಲಿ ಒಂದರ ವರ್ಗ ಅಂದರೆ 10⁻⁴, ಹತ್ತು ಸಾವಿರದಲ್ಲಿ ಒಂದು. ಒಳಗಿನ ಜಾಗ ಬದಿಯ ಘನ, 10⁻⁶, ಹತ್ತು ಲಕ್ಷದಲ್ಲಿ ಒಂದು. ಅಷ್ಟು ದೊಡ್ಡ ಕಟ್ಟಡದ ಒಡಲು ಮಾದರಿಯಲ್ಲಿ ಸುಮಾರು 107 ಲೀಟರಿಗೆ ಇಳಿಯುತ್ತದೆ. 10⁻²ರ ವರ್ಗ 10⁻⁴, ಘನ 10⁻⁶. ಘಾತದ ಘಾತ ಮತ್ತೆ ಬಂತು ನೋಡಿ.

ಆದರೆ ಆವರಣದೊಳಗೆ ಗುಣಾಕಾರದ ಬದಲು ಸಂಕಲನ ಇದ್ದರೆ ಈ ನಿಯಮ ಕೈಕೊಡುತ್ತದೆ. (2 + 3)² ಅಂದರೆ 5², 25. ಮಗ ಬರೆದ 4 + 9 ಅಂದರೆ 13. ಉಳಿದ 12 ಎಲ್ಲಿ ಹೋಯಿತು? ಚೌಕುಳಿ ಹಾಳೆಯ ಮೇಲೆ ಐದು ಮನೆ ಉದ್ದ, ಐದು ಮನೆ ಅಗಲದ ಚೌಕ ಎಳೆಸಿ. ಎರಡು ಮನೆ ಬಿಟ್ಟು ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ. ಒಂದು ಮೂಲೆಯಲ್ಲಿ 4 ಮನೆ, ಎದುರು ಮೂಲೆಯಲ್ಲಿ 9, ಉಳಿದ ಎರಡು ತುಂಡುಗಳಲ್ಲಿ ಆರಾರು. ಆ ಎರಡು ತುಂಡುಗಳನ್ನೇ ಅವನು ಬಿಟ್ಟದ್ದು. ಮುಂದೆ ಬೀಜಗಣಿತದಲ್ಲಿ ಇವೇ ತುಂಡುಗಳು "ಎರಡು ಅ ಬ" ಅಂತ ಬರುತ್ತವೆ.

ಆವರಣದ ಇನ್ನೊಂದು ಕಾಟ: (−3)² ಮತ್ತು −3². ಮೊದಲನೆಯದರಲ್ಲಿ ಋಣ ಗುರುತೂ ಆಧಾರದ ಒಳಗೇ ಇದೆ, −3 × −3 = 9. ಎರಡನೆಯದರಲ್ಲಿ ವರ್ಗ 3ಕ್ಕೆ ಮಾತ್ರ, ಗುರುತು ಹೊರಗೆ, ಉತ್ತರ −9. ಮಕ್ಕಳಷ್ಟೇ ಅಲ್ಲ, ಯಂತ್ರಗಳೂ ಇಲ್ಲಿ ಒಂದೇ ಮಾತು ಆಡುವುದಿಲ್ಲ. ಎಕ್ಸೆಲ್ಲಿನಲ್ಲಿ ಆವರಣ ಹಾಕದೆ ಈ ಲೆಕ್ಕ ಕೊಟ್ಟರೆ 9 ತೋರಿಸುತ್ತದೆ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ −9 ಅನ್ನುತ್ತದೆ. ಗಣಿತದ ರೂಢಿ ಪೈಥಾನಿನ ಕಡೆಗಿದೆ. ಪರೀಕ್ಷೆಯಲ್ಲೂ ಅದನ್ನೇ ಹಿಡಿಯಲಿ.

ಭಿನ್ನರಾಶಿ ಘಾತಾಂಕ ಎಂಟನೇ ತರಗತಿಗೆ ಬೇಕಿಲ್ಲ. ಕೇಳಿದರೆ ಮಾತ್ರ ಹೇಳಿ. 9ರ ಘಾತ ½ ಎಷ್ಟು? ಅದನ್ನು ಅದರಿಂದಲೇ ಗುಣಿಸಿದರೆ ಘಾತಾಂಕ ½ + ½ = 1, ಅಂದರೆ 9 ಬರಬೇಕು. ತನ್ನಿಂದಲೇ ಗುಣಿಸಿದರೆ 9 ಕೊಡುವುದು ಯಾವುದು? 3. ಹಾಗಾದರೆ ಘಾತ ½ ಅಂದರೆ ವರ್ಗಮೂಲ, ಘಾತ ⅓ ಅಂದರೆ ಘನಮೂಲ. ಮಣ್ಣಿನ ಕಾರ್ಡಿನಲ್ಲಿ 8.5 ಅಂತ ಪಾಯಿಂಟಿನಲ್ಲಿ ಬರೆದರೂ ಅರ್ಥ ಇರುವುದು ಇದರಿಂದಲೇ.

ಈಗ ಟ್ಯೂಷನ್. ಈ ಒಂದು ಪಾಠಕ್ಕೆ ಬೇಡ ಅಂತ ನನ್ನ ಅಭಿಪ್ರಾಯ. ದುಡ್ಡು ಉಳಿಯುತ್ತದೆ ಅಂತ ಹೇಳುತ್ತಿಲ್ಲ. ಅಲ್ಲಿ ಹೋದರೆ ಬಹುಮಟ್ಟಿಗೆ ಇನ್ನೊಂದು ಸೂತ್ರದ ಪಟ್ಟಿ ಸಿಗುತ್ತದೆ, ಅದು ಅವನ ಬಳಿ ಆಗಲೇ ಇದೆ. ಸಂಜೆ ಅರ್ಧ ಗಂಟೆ ನೀವು ಪಕ್ಕದಲ್ಲಿ ಕೂತು, "ಬಿಡಿಸಿ ಬರಿ, ಎಣಿಸು" ಅಂದರೆ ಸಾಕು. ಉತ್ತರ ನಿಮಗೆ ಗೊತ್ತಿರಬೇಕಂತಲೂ ಇಲ್ಲ. ಬಿಡಿಸಿ ಬರೆಯುವುದರಲ್ಲಿ ಕೈ ಕುದುರಿ, ಅವನಿಗೇ ಬೇಸರ ಬಂದು ಅಡ್ಡದಾರಿ ಹಿಡಿಯಲು ಶುರು ಮಾಡಿದ ದಿನ ಸೂತ್ರದ ಪಟ್ಟಿ ವಾಪಸ್ ಕೊಡಿ.

ಅಲ್ಲಿಯವರೆಗೆ ಈ ನಾಲ್ಕು ಲೆಕ್ಕ ಮಾಡಿಸಿ. ಒಂದು, 3⁵ × 3⁻² ಎಷ್ಟು? ಎರಡು, (5²)³ ÷ 5⁶ ಎಷ್ಟು? ಮೂರು, 4³ ಮತ್ತು 2⁶, ಯಾವುದು ದೊಡ್ಡದು? ನಾಲ್ಕು, ಆಲಮಟ್ಟಿಯಿಂದ 2.5 ಲಕ್ಷ ಕ್ಯೂಸೆಕ್ ನೀರನ್ನು ಎರಡು ದಿನ ಹೊರಗೆ ಬಿಟ್ಟರೆ ಎಷ್ಟು ಟಿಎಂಸಿ ಹೋಯಿತು? ಉತ್ತರಗಳು ನಿಮಗಾಗಿ, ಅವನಿಗೆ ಮೊದಲೇ ತೋರಿಸಬೇಡಿ: 27, 1, ಎರಡೂ 64, ಸಮ, 43.2 ಟಿಎಂಸಿ. ಮೂರನೆಯದಕ್ಕೆ ಅವನು ಎರಡನ್ನೂ ಗುಣಿಸಿ 64 ತಂದರೆ ಸರಿ. ಗುಣಿಸದೆ, "4 ಅಂದರ 2², ಮೂರು ಗಂಟಿನಾಗ ಆರು ಎರಡು" ಅಂದರೆ ಇನ್ನೂ ಸರಿ.